ನಾಗವಲ್ಲಿಯ ಮನೆ ಹುಡುಕಿಕೊಂಡು



ಚಿಕ್ಕಂದಿನಲ್ಲಿ ಯಾವುದೋ ಸಿನಿಮಾ ನೋಡಿ ಹೆದರಿ, ರಾತ್ರಿ ಬಚ್ಚಲಿಗೆ ಹೋಗಲು ಅಮ್ಮನನ್ನು ಎಬ್ಬಿಸಿದವರು ನಿಮ್ಮಲ್ಲಿ ಎಷ್ಟು ಜನ? ಕೈ ಎತ್ತಿ ನೋಡೋಣ. ನಾಚಿಕೆ ಬೇಡ, ಇದನ್ನು ಬರೆಯುತ್ತಿರುವ ನಾನೂ ಅದೇ ಗುಂಪಿನವಳು. ನಮ್ಮ ಕೂಟದ ಕಾರ್ಯಕ್ರಮಗಳಲ್ಲಿ ನಾವು ಹಿರಿಯರು ನಿಮಗೆ ಬರೀ ದೇವಸ್ಥಾನ, ಜಲಪಾತಗಳ ಪ್ರವಾಸದ ಕಥೆ ಹೇಳಿ ಆಕಳಿಕೆ ತರಿಸುತ್ತೇವೆ ಎಂಬ ದೂರು ನನ್ನ ಕಿವಿಗೂ ಬಿದ್ದಿದೆ. ಅದಕ್ಕೇ ಈ ಸಲ ಬೇರೆ ತರಹದ ಪ್ರವಾಸ. ಒಂದು ಭೂತದ ಮನೆಯನ್ನು ಹುಡುಕಿಕೊಂಡು ನಾನೂ ನನ್ನ ಮಗಳೂ ಕೊಚ್ಚಿಯಿಂದ ತಿರುವನಂತಪುರದವರೆಗೆ ಹೋದ ಕಥೆ ಇದು.

ಮೊದಲು ನನ್ನ ಭಯದ ಯೋಗ್ಯತೆಯನ್ನು ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು ಕಾಸರಗೋಡಿನ ಕಡೆಯ ಒಂದು ಹಳ್ಳಿಯಲ್ಲಿ. ನಮ್ಮಲ್ಲಿ ಭೂತಕ್ಕೆ ಯಾರೂ ಹೆದರುವುದಿಲ್ಲ, ಏಕೆಂದರೆ ನಮ್ಮ ಭೂತಗಳೆಲ್ಲ ದೈವಗಳು. ವರ್ಷಕ್ಕೊಮ್ಮೆ ಕೋಲ ಕೊಟ್ಟರೆ ಮನೆಮಂದಿಯ ಹಾಗೆ ಮಾತಾಡಿಸಿ, ಗದರಿಸಿ, ಹರಸಿ ಹೋಗುತ್ತವೆ. ಹಾಗಿದ್ದವಳನ್ನು ಹೆದರಿಸಿದ್ದು ಸಿನಿಮಾ. 1979ರಲ್ಲಿ ಬಂದ 'ನಾ ನಿನ್ನ ಬಿಡಲಾರೆ' ನೋಡಲು ಸೋದರತ್ತೆ ನನ್ನನ್ನು ಮಂಗಳೂರಿಗೆ ಕರೆದೊಯ್ದರು. ಅಷ್ಟು ಚೆಂದದ ಅನಂತನಾಗ್ ಅವರ ಕಣ್ಣು ಇದ್ದಕ್ಕಿದ್ದಂತೆ ಬೇರೆಯಾಗುವುದನ್ನು ಕಂಡವಳು ಅತ್ತೆಯ ಸೆರಗಿನೊಳಗೆ ಮುಖ ಹುದುಗಿಸಿದ್ದೇ, ಹೊರಗೆ ತೆಗೆದದ್ದು ಬಸ್‌ಸ್ಟ್ಯಾಂಡಿನಲ್ಲಿ! ಐದು ವರ್ಷಗಳ ನಂತರ, 1984ರಲ್ಲಿ, ಕೊಚ್ಚಿಯ ನವೋದಯ ಸಂಸ್ಥೆಯವರು ಭಾರತದ ಮೊದಲ ತ್ರೀ-ಡಿ ಚಿತ್ರ 'ಮೈ ಡಿಯರ್ ಕುಟ್ಟಿಚ್ಚಾತ್ತನ್' ತಂದರು. ಕನ್ನಡಕ ಹಾಕಿಕೊಂಡು ಕೂತರೆ ಪರದೆಯಿಂದ ಐಸ್‌ಕ್ರೀಮು ಮೂಗಿನ ತನಕ ಬರುತ್ತಿತ್ತು, ಮಕ್ಕಳು ಗೋಡೆಯ ಮೇಲೆ, ತಾರಸಿಯ ಮೇಲೆ ನಡೆಯುತ್ತಿದ್ದರು. ಅದರಲ್ಲಿ ಭೂತವೇ ಮಕ್ಕಳ ಗೆಳೆಯ, ಹೆದರಿಸುವವನು ಮಂತ್ರವಾದಿ. ನನ್ನ ಅರ್ಧ ಭಯ ಅಲ್ಲಿಗೆ ಇಳಿಯಿತು.

ಇನ್ನರ್ಧ ಉಳಿದದ್ದು ಅಜ್ಜಿಯ ಯಕ್ಷಿಗೆ. ಬಿಳಿ ಸೀರೆಯ ಚೆಲುವೆ, ಹಾಲೆ ಮರದ ಕೆಳಗೆ ನಿಂತು ದಾರಿಹೋಕರನ್ನು ಎಲೆಗೆ ಸುಣ್ಣ ಕೇಳುತ್ತಾಳೆ. ಕೊಟ್ಟಿರೋ, ಬೆಳಿಗ್ಗೆ ಮರದಡಿಯಲ್ಲಿ ಹಲ್ಲು ಮತ್ತು ಕೂದಲು ಮಾತ್ರ! ನಮ್ಮ ಅಜ್ಜಿ ಇದನ್ನು ಹೇಳುವಾಗ ತಾನೂ ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳುತ್ತಿದ್ದರು. ಆ ನಿಧಾನ, ಆ ನಿಲುಗಡೆ ಯಾವ ನಿರ್ದೇಶಕನಿಗೂ ಬಂದಿಲ್ಲ ಬಿಡಿ.

ಈಗ ಪ್ರವಾಸಕ್ಕೆ ಬರೋಣ.

ನೀವು 'ಆಪ್ತಮಿತ್ರ' ನೋಡಿರುತ್ತೀರಿ. ನೋಡದಿದ್ದರೂ ವಿಷ್ಣುವರ್ಧನ್ ಅವರ 'ಹೌಲಾ ಹೌಲಾ' ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಕೇಳಿರುತ್ತೀರಿ. 2004ರ ಆ ಕನ್ನಡ ಚಿತ್ರದ ಮೂಲ 1993ರ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್'. ಚಿತ್ತಾರದ ಬೀಗ ಎಂದು ಅರ್ಥ. ಬರೆದವರು ಮಧು ಮುಟ್ಟಂ, ನಿರ್ದೇಶಿಸಿದವರು ಫಾಸಿಲ್. ಹಳೆಯ ಮನೆಯೊಂದರಲ್ಲಿ ಬೀಗ ಹಾಕಿಟ್ಟ ಕೋಣೆ, ಅದರೊಳಗೆ ಎಂದೋ ಕೊಲೆಯಾದ ನರ್ತಕಿ ನಾಗವಲ್ಲಿ, ಬೀಗ ತೆಗೆಸುವ ಸೊಸೆ ಗಂಗಾ. ಅವಳನ್ನು ಗುಣಪಡಿಸಲು ಅಮೆರಿಕದಿಂದ ಬರುವ ಮನೋವೈದ್ಯ ಸನ್ನಿ. (ಅಂಥ ಡಾಕ್ಟರರಿಗೆ ನಮ್ಮ ಕೂಟದಲ್ಲೂ ಬರವಿಲ್ಲ!) ಗಂಗೆಯಾಗಿ ನಟಿಸಿದ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಮನೆಯವರೆಲ್ಲ ಸಂಶಯದಿಂದ ನೋಡುವ ಶ್ರೀದೇವಿಯ ಪಾತ್ರ ಮಾಡಿದವರು ನಮ್ಮ ಉಡುಪಿಯ ವಿನಯಾ ಪ್ರಸಾದ್. 2024ರ ಆಗಸ್ಟಿನಲ್ಲಿ ಆ ಚಿತ್ರದ ಹೊಸ ಪ್ರತಿ ಥಿಯೇಟರುಗಳಿಗೆ ಬಂದಾಗ, ಮೂವತ್ತು ವರ್ಷ ದಾಟಿದ ಸಿನಿಮಾಕ್ಕೆ ಕೇರಳದ ಹುಡುಗರು ಮತ್ತೆ ಸಾಲು ನಿಂತರು.

ನನ್ನ ಮಗಳಿಗೂ ಈ ಚಿತ್ರಕ್ಕೂ ಹಳೆಯ ಲೆಕ್ಕವೊಂದಿದೆ. 2002ರಲ್ಲಿ, ಏಳು ವರ್ಷದವಳಿದ್ದಾಗ, ಪರಿಚಯದ ಮಲಯಾಳಿಗಳ ಮನೆಯಲ್ಲಿ ಮಕ್ಕಳೆಲ್ಲ ಸೇರಿ ಅದರ ವಿಡಿಯೋ ಕ್ಯಾಸೆಟ್ ನೋಡಿದರು. ಉಳಿದ ಮಕ್ಕಳು ನಗುತ್ತಾ ಹೊರಬಂದರು. ನನ್ನವಳು ಒಂದು ತಿಂಗಳು ದೀಪ ಆರಿಸಲು ಬಿಡಲಿಲ್ಲ. ನಾನು ಆ ಕ್ಷಣವೇ ಕಾನೂನು ಮಾಡಿದೆ: ಈ ಮನೆಯಲ್ಲಿ ಇನ್ನು ಮುಂದೆ ಭೂತದ ಸಿನಿಮಾ ಇಲ್ಲ. ಇಪ್ಪತ್ತು ವರ್ಷದ ಮೇಲಾಯಿತು, ಕಾನೂನನ್ನು ಮುರಿದವಳು ಅವಳೇ. "ಅಮ್ಮಾ, ಈ ಸಲ ಊರಿಗೆ ಹೋದಾಗ ಆ ಮನೆ ನೋಡಬೇಕು" ಎಂದಳು.

ಮೊದಲ ನಿಲ್ದಾಣ ಕೊಚ್ಚಿಯ ತೃಪ್ಪೂಣಿತ್ತುರ. 2024ರಿಂದ ಮೆಟ್ರೋ ಅಲ್ಲಿಯವರೆಗೂ ಹೋಗುತ್ತದೆ, ಇಳಿದು ಆಟೋ ಹಿಡಿದರೆ ಹಿಲ್ ಪ್ಯಾಲೇಸ್. ಕೊಚ್ಚಿಯ ಅರಸರು 1865ರಲ್ಲಿ ಕಟ್ಟಿಸಿದ್ದು, ಈಗ ವಸ್ತುಸಂಗ್ರಹಾಲಯ. ಗುಡ್ಡದ ಮೇಲೆ 49 ಕಟ್ಟಡಗಳು. ಮೆಟ್ಟಿಲು ಮೆಟ್ಟಿಲಾಗಿ ಏರುವ ಹುಲ್ಲುಹಾಸು, ಹೆಂಚಿನ ಮಾಡು, ಬಿಳಿ ಗೋಡೆ. ಭೂತದ ಮನೆ ಎಂದು ಎದೆ ಗಟ್ಟಿಮಾಡಿಕೊಂಡು ಹೋದರೆ, ಅಲ್ಲಿ ಶಾಲೆಯ ಮಕ್ಕಳ ಪ್ರವಾಸ, ಕಡಲೆ ಮಾರುವವರು, ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿ! ಮಗಳು ಫೋನಿನಲ್ಲಿ ಸಿನಿಮಾದ ದೃಶ್ಯ ಇಟ್ಟುಕೊಂಡು ಕಿಟಕಿ, ಮೆಟ್ಟಿಲುಗಳನ್ನೆಲ್ಲ ತಾಳೆ ನೋಡಿದಳು. ಕೆಲವು ಹೊಂದಿದವು, ಕೆಲವು ಏನು ಮಾಡಿದರೂ ಹೊಂದಲಿಲ್ಲ. ಅವಳಿಗೆ ಸಿಟ್ಟು ಬಂತು.

ಗುಟ್ಟು ಏನೆಂದರೆ, ಆ ಮನೆ ಭೂಮಿಯ ಮೇಲೆ ಇಲ್ಲ. ಸಿನಿಮಾದವರು ಮುಖ್ಯವಾಗಿ ಎರಡು ಅರಮನೆಗಳನ್ನು ಸೇರಿಸಿ ಹೊಲಿದು ಅದನ್ನು ಮಾಡಿದ್ದಾರೆ. ಒಂದು ಕೊಚ್ಚಿಯ ಈ ಹಿಲ್ ಪ್ಯಾಲೇಸ್. ಇನ್ನೊಂದು ತಿರುವನಂತಪುರದಿಂದಲೂ ಆಚೆಗಿರುವ ಪದ್ಮನಾಭಪುರಂ ಅರಮನೆ. ನಡುವೆ ಸುಮಾರು 250 ಕಿಲೋಮೀಟರು. ಅಂದರೆ ಕೊಚ್ಚಿಯಲ್ಲಿ ಹೊಸ್ತಿಲು ದಾಟಿದವರು ತಿರುವಾಂಕೂರಿನ ಕೋಣೆಯಲ್ಲಿ ಕಾಲಿಡಬಹುದು. ನಮಗಂತೂ ರೈಲಿನಲ್ಲಿ ನಾಲ್ಕು ಗಂಟೆ, ಆಮೇಲೆ ಕಾರಿನಲ್ಲಿ ಇನ್ನೆರಡು ಗಂಟೆ ಹಿಡಿಯಿತು.

ರೈಲು ಆಲಪ್ಪುಳದ ಮಾರ್ಗದ್ದು. ಬಲಕ್ಕೆ ತೆಂಗು, ಎಡಕ್ಕೆ ನೀರು, ಸ್ವಲ್ಪ ಹೊತ್ತಿಗೆ ಎಡಕ್ಕೆ ತೆಂಗು, ಬಲಕ್ಕೆ ನೀರು. ಹರಿಪ್ಪಾಡ್ ಬಂದಾಗ ಮಗಳನ್ನು ಎಬ್ಬಿಸಿದೆ. ಕಥೆಗಾರ ಮಧು ಅವರ ಊರಾದ ಮುಟ್ಟಂ ಇಲ್ಲೇ ಹತ್ತಿರ. ಅಲ್ಲಿನ ಆಲುಮ್ಮೂಟ್ಟಿಲ್ ಎಂಬ ಹಳೆಯ ಮನೆತನದಲ್ಲಿ ನಡೆದ ಒಂದು ದುರಂತವೇ ಈ ಚಿತ್ರಕ್ಕೆ ಬೀಜ ಎನ್ನುತ್ತಾರೆ. ಅಲ್ಲಿಗೆ ನಾವು ಇಳಿಯಲಿಲ್ಲ. ಸಿನಿಮಾದ ಅರಮನೆಯನ್ನು ಇಣುಕಿ ನೋಡಬಹುದು, ಯಾರದೋ ಮನೆಯ ದುಃಖವನ್ನು ಇಣುಕಿ ನೋಡುವುದು ಸರಿಯಲ್ಲ ಅನ್ನಿಸಿತು.

ತಿರುವನಂತಪುರದಲ್ಲಿ ಇಳಿದವರು ತಂಬಾನೂರಿನ ಇಂಡಿಯನ್ ಕಾಫಿ ಹೌಸಿಗೆ ಹೋಗದೆ ಬರಬೇಡಿ. ರೈಲು ನಿಲ್ದಾಣದ ಎದುರಿನಲ್ಲೇ ಇದೆ. ಲಾರಿ ಬೇಕರ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಕೆಂಪು ಇಟ್ಟಿಗೆಯ ಗೋಪುರ. ಒಳಗೆ ಮಹಡಿಗಳೇ ಇಲ್ಲ, ಇಳಿಜಾರಿನ ಒಂದೇ ನೆಲ ಸುರುಳಿ ಸುತ್ತಿಕೊಂಡು ಮೇಲಕ್ಕೆ ಹೋಗುತ್ತದೆ, ಅದರ ಗೋಡೆಗುಂಟ ಕಲ್ಲಿನ ಮೇಜು ಬೆಂಚು. ಡಿಸೆಂಬರಿನಲ್ಲಿ ಈ ಊರಿನಲ್ಲಿ ಕೇರಳದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವ ನಡೆಯುತ್ತದೆ. 1996ರಲ್ಲಿ ಶುರುವಾದದ್ದು. ಇಲ್ಲಿ ಆಟೋ ಚಾಲಕರೂ ಸಿನಿಮಾದ ಬಗ್ಗೆ ವಾದಕ್ಕೆ ನಿಲ್ಲುತ್ತಾರೆ. ಊರಿನ ಗಾಳಿ ನಮಗೂ ತಾಗಿ, ಕಾಫಿ ಕುಡಿಯುತ್ತಾ ಇತ್ತೀಚೆಗೆ ನೋಡಿದ ಚಿತ್ರಗಳಿಗೆಲ್ಲ ಅಂಕ ಹಾಕಲು ಕೂತೆವು. ನಮ್ಮ ಅಂಕಪಟ್ಟಿ ಹೀಗಿದೆ, ಒಪ್ಪದಿದ್ದರೆ ಜಗಳಕ್ಕೆ ಬನ್ನಿ.

2024ರ 'ಭ್ರಮಯುಗಂ': ಪೂರ್ತಿ ಕಪ್ಪು ಬಿಳುಪು. ಒಂದು ಪಾಳು ಮನೆ, ಅದರೊಳಗೆ ಮಮ್ಮೂಟ್ಟಿ. ನನಗೆ ಬೆವರು ಬಂದದ್ದು ಭೂತ ಕಂಡಾಗ ಅಲ್ಲ, ಯಜಮಾನ ನಗುವಾಗ. ಮಗಳ ಪ್ರಕಾರ ಸ್ವಲ್ಪ ಉದ್ದವಾಯಿತು. ನನ್ನ ಪ್ರಕಾರ ಅಧಿಕಾರ ಕೈಯಲ್ಲಿದ್ದವರ ಮುಂದೆ ಕೂತವರಿಗೆ ಸಮಯ ಹಾಗೇ ಉದ್ದವಾಗುವುದು.

2025ರ 'ಲೋಕಃ': ಅಜ್ಜಿಯ ಯಕ್ಷಿ, ಕಳ್ಳಿಯಂಕಾಟ್ಟು ನೀಲಿ, ಈಗ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದಾಳೆ! ಕಲ್ಯಾಣಿ ಪ್ರಿಯದರ್ಶನ್ ಯಕ್ಷಿ. ಸುಣ್ಣ ಕೇಳುವುದಿಲ್ಲ, ಕೆಟ್ಟವರನ್ನು ಗೋಡೆಗೆ ಎಸೆಯುತ್ತಾಳೆ. ಮಗಳು ಪೂರ್ತಿ ಅಂಕ ಕೊಟ್ಟಳು. ಊರು ಬಿಟ್ಟು ಹೊರಗೆ ಬಾಳುವ, ತಾನು ಯಾರೆಂದು ಪಕ್ಕದ ಮನೆಯವರಿಗೆ ಹೇಳಲಾಗದ ಹುಡುಗಿಯ ಕಥೆ ಅದು ಎಂದಳು. ನನಗೆ ಅಜ್ಜಿ ನೆನಪಾದರು. ಮೊಮ್ಮಗಳ ಕಾಲಕ್ಕೆ ಯಕ್ಷಿ ನಾಯಕಿಯಾದಳೆಂದರೆ ಅವರು ಎಲೆ ಜಗಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

ಅದೇ ವರ್ಷದ ಕನ್ನಡದ 'ಸು ಫ್ರಮ್ ಸೋ': ಕರಾವಳಿಯ ಹಳ್ಳಿಯಲ್ಲಿ ಅಶೋಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಎಂಬ ಗುಲ್ಲು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ನಮ್ಮ ಕಡೆಯ ಮಾತು, ನಮ್ಮ ಕಡೆಯ ಜಗಲಿ. ಮಲಯಾಳಿಗಳೂ ತಮ್ಮ ಭಾಷೆಗೆ ಡಬ್ ಮಾಡಿಕೊಂಡು ನಕ್ಕರು. ಎರಡೂ ಕಡೆಯ ಭೂತಗಳಿಗೆ ಗಡಿ ದಾಟಲು ಯಾವ ತಕರಾರೂ ಇಲ್ಲ.

ಇಲ್ಲೊಂದು ಸಂಗತಿ ಗಮನಿಸಿ. 'ಮಣಿಚಿತ್ರತ್ತಾಳ್'ನಲ್ಲಿ ನಾಗವಲ್ಲಿ ತಂಜಾವೂರಿನವಳು, ತಮಿಳು ಮಾತಾಡುತ್ತಾಳೆ. ಕನ್ನಡದ 'ಆಪ್ತಮಿತ್ರ'ದಲ್ಲಿ ಅವಳು ತೆಲುಗಿನವಳು. ತಮಿಳಿನ 'ಚಂದ್ರಮುಖಿ'ಯಲ್ಲೂ ತೆಲುಗು. ಹಿಂದಿಯ 'ಭೂಲ್ ಭುಲಯ್ಯಾ'ದಲ್ಲಿ ಬಂಗಾಳಿ. ಯಾವ ಊರಿನಲ್ಲೂ ಭೂತ ಆ ಮನೆಯ ಭಾಷೆ ಮಾತಾಡುವುದಿಲ್ಲ! ಮಲಯಾಳಂ ಮೂಲದಲ್ಲಂತೂ ಶೋಭನಾ ಒಬ್ಬರಿಗೇ ಎರಡು ಕಂಠ. ಗಂಗೆಗೆ ದನಿ ಕೊಟ್ಟವರು ಭಾಗ್ಯಲಕ್ಷ್ಮಿ, ನಾಗವಲ್ಲಿಗೆ ದುರ್ಗಾ ಎಂಬ ಇನ್ನೊಬ್ಬ ಕಲಾವಿದೆ. ಬಹಳ ವರ್ಷಗಳ ತನಕ ಅದು ಯಾರಿಗೂ ತಿಳಿದಿರಲಿಲ್ಲ. ಇದನ್ನು ನಾನು ನಗುತ್ತಾ ಹೇಳಿದೆ. ಮಗಳು ಮಾತ್ರ ನಗಲಿಲ್ಲ, ಕಾಫಿ ಲೋಟವನ್ನು ತಿರುಗಿಸುತ್ತಾ ಕೂತಳು.

ಮಾರನೆಯ ದಿನ ಬೆಳಿಗ್ಗೆ ಪದ್ಮನಾಭಸ್ವಾಮಿ ದೇವಸ್ಥಾನದ ದಾರಿಯಲ್ಲಿ ಹಾದು ಹೊರಟೆವು. 2011ರಲ್ಲಿ ಅಲ್ಲಿನ ನೆಲಮಾಳಿಗೆಗಳನ್ನು ತೆರೆದು ಪಟ್ಟಿ ಮಾಡಿದಾಗ ಜಗತ್ತೇ ಬೆರಗಾಯಿತಲ್ಲ. 'ಬಿ' ಎಂಬ ಕೋಣೆಯನ್ನು ಮಾತ್ರ ಆಗ ತೆರೆಯಲಿಲ್ಲ. ಅದರೊಳಗೆ ಕಾಂಞಿರೋಟ್ಟು ಯಕ್ಷಿ ಇದ್ದಾಳೆ ಎಂದು ಅಲ್ಲಿನ ಐತಿಹ್ಯ. "ಈ ಊರಿನವರಿಗೆ ಬೀಗ ಹಾಕಿದ ಬಾಗಿಲೆಂದರೆ ಇಷ್ಟು ಇಷ್ಟವೇ?" ಎಂದಳು ಮಗಳು. ಯಾರಿಗೆ ಇಷ್ಟವಿಲ್ಲ ಹೇಳಿ!

ಪದ್ಮನಾಭಪುರಂ ತಿರುವಾಂಕೂರು ಅರಸರ ಹಳೆಯ ರಾಜಧಾನಿ. 1795ರಲ್ಲಿ ರಾಜಧಾನಿ ತಿರುವನಂತಪುರಕ್ಕೆ ಹೋಯಿತು, ಮರದ ಈ ಅರಮನೆ ಉಳಿಯಿತು. ನಾಗರಕೋಯಿಲ್ ರಸ್ತೆಯಲ್ಲಿ ತಕ್ಕಲೆ ಎಂಬಲ್ಲಿ ತಿರುಗಬೇಕು. ಇಲ್ಲೊಂದು ತಮಾಷೆಯಿದೆ. ಅರಮನೆ ನಿಂತಿರುವುದು ತಮಿಳುನಾಡಿನ ನೆಲದಲ್ಲಿ, ನೋಡಿಕೊಳ್ಳುವುದು ಕೇರಳ ಸರಕಾರ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಕನ್ಯಾಕುಮಾರಿಯ ಈ ಭಾಗ ಮದರಾಸಿಗೆ ಹೋಯಿತು. ಅದೇ ದಿನ, ಅದೇ ಗೆರೆಯ ಇನ್ನೊಂದು ತುದಿಯಲ್ಲಿ, ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ನೆಲ ಒಬ್ಬರದು, ಬೀಗದ ಕೈ ಇನ್ನೊಬ್ಬರ ಬಳಿ. ಗಡಿನಾಡಿನವರಾದ ನಮಗೆ ಈ ಅರಮನೆ ಹಾಗಾಗಿ ಸ್ವಲ್ಪ ನೆಂಟ.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಕಾಲಿಗೆ ಸಿಗುವ ನೆಲ ಕಪ್ಪಗೆ, ತಣ್ಣಗೆ, ಕನ್ನಡಿಯ ಹಾಗೆ. ಸುಣ್ಣ, ಸುಟ್ಟ ತೆಂಗಿನ ಚಿಪ್ಪಿನ ಕರಿ, ಮೊಟ್ಟೆಯ ಬಿಳಿ ಸೇರಿಸಿ ಉಜ್ಜಿದ್ದಂತೆ. ನಿಮ್ಮ ನೆರಳು ನಿಮ್ಮ ಕಾಲ ಕೆಳಗೇ ನಡೆಯುತ್ತಿರುತ್ತದೆ. ಮರದ ಜಾಲರಿಯ ಕಿಟಕಿಗಳಿಂದ ಬೆಳಕು ಪುಡಿಪುಡಿಯಾಗಿ ಬೀಳುತ್ತದೆ. ಬಾಗಿಲುಗಳು ಗಿಡ್ಡ, ಅರಸನೂ ತಲೆ ಬಗ್ಗಿಸಲೇಬೇಕು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಹಿಂದಿನದು ಯಾವುದೆಂದು ಮರೆತುಹೋಗುತ್ತದೆ. ನಾಟ್ಯಕ್ಕಾಗಿ ಕಟ್ಟಿದ ನವರಾತ್ರಿ ಮಂಟಪದ ಕಲ್ಲುಕಂಬಗಳ ನಡುವೆ ನಾವಿಬ್ಬರೂ ಕೊನೆಗೆ ನಿಂತೆವು. ಆ ಹೊತ್ತಿಗೆ ಅಲ್ಲಿ ಬೇರೆ ಯಾರೂ ಇರಲಿಲ್ಲ.

"ಹೆದರಿಕೆ ಆಗುತ್ತಿದೆಯೇ?" ಎಂದು ಕೇಳಿದೆ.

"ನನಗೆ ಆಗಲೂ ಡ್ಯಾನ್ಸಿಗೆ ಹೆದರಿಕೆ ಆಗಿರಲಿಲ್ಲ ಅಮ್ಮಾ" ಎಂದಳು. "ಡಾಕ್ಟರು ಗಂಗೆಯ ಕಥೆ ಹೇಳುತ್ತಾನಲ್ಲ, ಅದಕ್ಕೆ ಆಗಿದ್ದು."

ಸಿನಿಮಾ ನೋಡಿದವರಿಗೆ ನೆನಪಿರಬಹುದು. ಗಂಗೆ ಪುಟ್ಟವಳಿದ್ದಾಗ ಅಪ್ಪ ಅಮ್ಮ ಕಲ್ಕತ್ತೆಗೆ ಹೋದರು, ಅವಳನ್ನು ಅಜ್ಜಿಯ ಬಳಿ ಬಿಟ್ಟರು. ಅಜ್ಜಿಯ ಕಥೆಗಳೇ ಅವಳ ಲೋಕವಾಯಿತು. ವರ್ಷಗಳ ನಂತರ, ಪರೀಕ್ಷೆಯ ಹೊತ್ತಿಗೆ, ಅಪ್ಪ ಅಮ್ಮ ಅವಳನ್ನು ಕರೆದೊಯ್ಯಲು ಬಂದರು. ಅವಳ ಮನಸ್ಸು ಮೊದಲ ಬಾರಿ ಒಡೆದದ್ದು ಅಂದು. ಚಿತ್ರದಲ್ಲಿ ಇದು ಬಹಳ ಹೊತ್ತು ಬರುವುದಿಲ್ಲ. ಹಾಡು, ಗೆಜ್ಜೆ, ಕಣ್ಣುಗಳ ಅಬ್ಬರದಲ್ಲಿ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಗಮನಿಸಲು ಇಷ್ಟವಿರಲಿಲ್ಲ ಎಂದರೂ ಆದೀತು.

ಏಕೆಂದರೆ, ಗೆಳೆಯರೇ, 1997ರಲ್ಲಿ ನಾವೂ ಹಾಗೇ ಮಾಡಿದ್ದೆವು. ನಮ್ಮವರದು ಓದು, ನನ್ನದು ಹೊಸ ಕೆಲಸ, ಕೈಯಲ್ಲಿ ಕಾಸಿಲ್ಲ. ಎರಡು ವರ್ಷದ ಮಗಳನ್ನು ಊರಿನಲ್ಲಿ ನನ್ನ ಅಮ್ಮನ ಬಳಿ ಬಿಟ್ಟು ಬಂದೆವು. ಆರು ತಿಂಗಳ ಮಾತು ಎರಡು ವರ್ಷ ಒಂಬತ್ತು ತಿಂಗಳಾಯಿತು. 2000ದ ಮೇ ತಿಂಗಳಲ್ಲಿ ಕರೆತರಲು ಹೋದಾಗ ಅಂಗಳದಲ್ಲಿ ಮಾವಿನ ಹಣ್ಣು ಚೀಪುತ್ತಿದ್ದ ಹುಡುಗಿ ನನ್ನನ್ನು ಕಂಡು, "ಅಜ್ಜೀ, ಯಾರೋ ಆಂಟಿ ಬಂದಿದ್ದಾರೆ" ಎಂದು ಕೂಗಿ ಅಟ್ಟ ಹತ್ತಿದಳು. ಸಂಜೆಯ ತನಕ ಇಳಿಯಲಿಲ್ಲ. ನಾವು ದೊಡ್ಡವರೆಲ್ಲ ನಕ್ಕೆವು. ಇಪ್ಪತ್ತು ವರ್ಷ ಅದನ್ನು ಕೂಟದ ಊಟದ ಮೇಜಿನಲ್ಲಿ ತಮಾಷೆಯೆಂದೇ ಹೇಳಿದ್ದೇನೆ.

ಇಲ್ಲಿಗೆ ಬಂದ ಮೇಲೆ ಅವಳು ಬೇಗ ಇಂಗ್ಲಿಷ್ ಕಲಿತಳು. ಹಗಲೆಲ್ಲ ಇಂಗ್ಲಿಷ್. ರಾತ್ರಿ ನಿದ್ದೆಯಲ್ಲಿ ಮಾತ್ರ ಕನ್ನಡದಲ್ಲಿ ಕನವರಿಸುತ್ತಿದ್ದಳು, ನಡುನಡುವೆ ಮಲಯಾಳಂ. ಆ ಮಲಯಾಳಂ ಇದ್ದುದರಿಂದಲೇ 2002ರಲ್ಲಿ ಅಷ್ಟು ಮಕ್ಕಳ ನಡುವೆ ಡಾಕ್ಟರನ ಮಾತು ಅವಳಿಗೆ ಮಾತ್ರ ನಾಟಿತೋ ಏನೋ. ಉಳಿದವರು ನಾಗವಲ್ಲಿಯನ್ನು ನೋಡಿ ಕಿರುಚಿದರು. ಇವಳು ಗಂಗೆಯನ್ನು ನೋಡಿದಳು.

"ಯಕ್ಷಿ ಬರುತ್ತಾಳೆ ಎಂದು ದೀಪ ಹಾಕಿಸಿದ್ದಲ್ಲ" ಎಂದಳು. "ಮತ್ತೆ ಯಾರಾದರೂ ಬಂದು ಕರೆದುಕೊಂಡು ಹೋಗುತ್ತಾರೆ ಎಂದು."

ನನಗೆ ಹೇಳಲು ಮಾತು ಸಿಗಲಿಲ್ಲ. ಸಿನಿಮಾವಾಗಿದ್ದರೆ ಇಲ್ಲಿ ಚಂಡೆ ಬಾರಿಸುತ್ತಿದ್ದರು. ಅಲ್ಲಿ ಕಾವಲುಗಾರರು ಬಂದು, ಇದು ಹೊರಗೆ ಹೋಗುವ ದಾರಿಯಲ್ಲ, ಆ ಕಡೆಯಿಂದ ಹೋಗಿ ಎಂದರು. ಹೋದೆವು. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ನಾನು, "ತಪ್ಪಾಯಿತು ಮಗಳೇ" ಎಂದೆ. ಅವಳು, "ನೀನೂ ಆಗ ಇಪ್ಪತ್ತೊಂಬತ್ತರವಳು, ಅಲ್ಲವಾ?" ಎಂದಳು. ಅವಳಿಗೆ ಈಗ ಮೂವತ್ತು. ಅಷ್ಟೇ. ಎಳನೀರು ಕುಡಿದು ಹಿಂತಿರುಗಿದೆವು.

ಇದನ್ನು ನಿಮಗೇಕೆ ಬರೆದೆ ಎಂದರೆ, ನಿಮ್ಮ ಹಾಗೆ ಇಲ್ಲೇ ಬೆಳೆದ ಎಷ್ಟೋ ಜನರ ಹಿಂದೆ ಇಂಥದೊಂದು ವರ್ಷವೋ ಎರಡು ವರ್ಷವೋ ಇದೆ. ಅಜ್ಜಿಯ ಮನೆಯಲ್ಲಿ ಕಳೆದದ್ದು, ಆಮೇಲೆ ಯಾರೂ ಅದರ ಮಾತೆತ್ತದೆ ಬೀಗ ಹಾಕಿಟ್ಟದ್ದು. ಬಿಟ್ಟು ಬಂದವರು ಕಟುಕರಲ್ಲ, ಅವರಿಗೂ ಆ ರಾತ್ರಿಗಳಲ್ಲಿ ನಿದ್ದೆ ಇರಲಿಲ್ಲ. ಆದರೆ ನಾವು ಹಿರಿಯರು ಅದನ್ನು ತಾವಾಗಿ ಬಾಯಿ ಬಿಟ್ಟು ಹೇಳುವ ಪೈಕಿಯಲ್ಲ. ನೀವೇ ಕೇಳಬೇಕು. ನೇರವಾಗಿ ಕೇಳಲು ಮುಜುಗರವಾದರೆ, "ಚಿಕ್ಕಂದಿನಲ್ಲಿ ನಾನು ಯಾವ ಸಿನಿಮಾಕ್ಕೆ ಹೆದರಿದ್ದೆ?" ಎಂದು ಶುರುಮಾಡಿ. ಉಳಿದದ್ದು ಅದರ ಹಿಂದೆ ತಾನಾಗಿ ಬರುತ್ತದೆ.

ಕೊನೆಗೆ, ಹೋಗುವವರಿಗೆ ಒಂದೆರಡು ಸೂಚನೆ. ಎರಡು ಅರಮನೆಗಳಿಗೂ ಸೋಮವಾರ ರಜೆ. ಕೊಚ್ಚಿಯದನ್ನು ಮೊದಲು ನೋಡಿ, ಪದ್ಮನಾಭಪುರಂ ಕೊನೆಗಿರಲಿ, ಬೆಳಿಗ್ಗೆ ಬೇಗ ಹೋದರೆ ಜನ ಕಡಿಮೆ. ಸಿನಿಮಾವನ್ನು ಹೋಗುವ ಮುಂಚೆ ನೋಡಿ, ಹಗಲಿನಲ್ಲಿ ಬೇಡ, ರಾತ್ರಿಯೇ ನೋಡಿ. ಒಬ್ಬರೇ ಮಾತ್ರ ನೋಡಬೇಡಿ. ಸಾಧ್ಯವಿದ್ದರೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.